‘ಏನಿಲ್ಲ, ಬರೀ ಸಾರು’ ಎನ್ನುವ ಮುನ್ನ

ಪ್ರಶ್ನೆ: ನನಗೆ 36 ವರ್ಷ. ನಾವು ಮಂಡ್ಯ ಕಡೆಯವರು, ಬೆಂಗಳೂರಿಗೆ ಬಂದು ಹನ್ನೊಂದು ವರ್ಷವಾಯಿತು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗಳಿಗೆ ಹತ್ತು, ಮಗನಿಗೆ ಆರು ವರ್ಷ. ಸಂಜೆ ಏಳಕ್ಕೆ ಮನೆ ಸೇರಿ ನಾನು ಮಾಡುವುದು ಬರೀ ಸಾದಾ ಅಡುಗೆ: ಸಾರು, ಪಲ್ಯ, ಅನ್ನ, ವಾರಕ್ಕೆ ಮೂರು ದಿನ ಮುದ್ದೆ. ‘ಇವತ್ತೂ ಬರೀ ಸಾರಾ?’ ಎಂದು ಮಕ್ಕಳು ಮುಖ ತಿರುಗಿಸುತ್ತಾರೆ. ಮಗಳ ಗೆಳತಿಯರ ಡಬ್ಬಿಯಲ್ಲಿ ಪಾಸ್ತಾ, ನಗೆಟ್ಸ್ ಇರುತ್ತವಂತೆ. ಈಚೆಗೆ ವಾರದಲ್ಲಿ ಮೂರು ನಾಲ್ಕು ದಿನ ನೂಡಲ್ಸ್ ಮಾಡಿಕೊಟ್ಟು ಸುಮ್ಮನಾಗುತ್ತಿದ್ದೇನೆ. ಪೋಷಕಾಂಶ ಸಾಲದೇನೋ ಎಂಬ ಭಯಕ್ಕೆ ಹೆಲ್ತ್ ಡ್ರಿಂಕ್ ಪುಡಿಯನ್ನು ದಿನಕ್ಕೆ ಎರಡು ಸಲ ಹಾಲಿಗೆ ಹಾಕಿ ಕೊಡುತ್ತಿದ್ದೇನೆ. ಅತ್ತೆ ಊರಿನಿಂದ ಕಳಿಸಿದ ಐದು ಕಿಲೋ ಹುರುಳಿಕಾಳು ಡಬ್ಬದಲ್ಲೇ ಕುಳಿತಿದೆ. ನನ್ನ ಅಡುಗೆ ಬೆಳೆಯುವ ಮಕ್ಕಳಿಗೆ ಸಾಕೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಸಾಕು. ನಿಮ್ಮ ಅಡುಗೆಯಲ್ಲಿ ತಿದ್ದಿಕೊಳ್ಳಬೇಕಾದ ಎರಡು ಮೂರು ಸಂಗತಿಗಳಿವೆ, ಅವನ್ನು ಮುಂದೆ ಬರೆಯುತ್ತೇನೆ. ಆದರೆ ಅದನ್ನು ಎಬ್ಬಿಸಿ ಆ ಜಾಗದಲ್ಲಿ ಪೊಟ್ಟಣವನ್ನು ಕೂರಿಸಲು ಒಂದು ಕಾರಣವೂ ನನಗೆ ಕಾಣುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಬರೀ’ ಎಂಬ ಪದದ ಮೇಲೆ. ಮಕ್ಕಳು ಆ ಮಾತು ಆಡುವ ಮೊದಲೇ ನೀವು ಅದನ್ನು ಬರೆದಿದ್ದೀರಿ. ಇಪ್ಪತ್ತೆರಡು ವರ್ಷಗಳಿಂದ ಆಹಾರ ಸಲಹೆಯ ಕೆಲಸದಲ್ಲಿದ್ದೇನೆ. ಎದುರಿಗೆ ಕುಳಿತವರನ್ನು ‘ನಿನ್ನೆ ರಾತ್ರಿ ಏನು ಊಟ ಮಾಡಿದಿರಿ?’ ಎಂದು ಕೇಳಿದರೆ, ಬಿಸಿಬೇಳೆಬಾತ್ ಮಾಡಿದ್ದರೆ ಹೆಸರು ಹಿಡಿದು ಹೇಳುತ್ತಾರೆ. ಸಾರು ಮಾಡಿದ್ದರೆ ‘ಏನಿಲ್ಲ ಮೇಡಂ, ಬರೀ ಅನ್ನ ಸಾರು’ ಎನ್ನುತ್ತಾರೆ. ಒಂದು ಗಂಟೆ ಒಲೆಯ ಮುಂದೆ ನಿಂತು ಬೇಯಿಸಿದ್ದು ‘ಏನಿಲ್ಲ’ ಹೇಗಾಗುತ್ತದೆ? ಮಕ್ಕಳು ಈ ಪದವನ್ನು ಕಲಿತದ್ದು ನಮ್ಮ ಬಾಯಿಂದಲೇ.

ನೀವು ಮಂಡ್ಯದವರಾದ್ದರಿಂದ ಬಸ್ಸಾರಿನ ಮೂಲಕವೇ ಮಾತು ಮುಂದುವರಿಸುತ್ತೇನೆ. ನೀವು ನೂರಾರು ಸಲ ಮಾಡಿರುವ ಅಡುಗೆ ಅದು. ಈಗ ನನ್ನ ಕಣ್ಣಿನಿಂದ ಒಮ್ಮೆ ನೋಡಿ. ಒಂದು ಕಟ್ಟು ದಂಟಿನ ಸೊಪ್ಪು, ಇಲ್ಲವೇ ಗದ್ದೆ ಹೊಲದಲ್ಲಿ ಆಯ್ದ ಬೆರಕೆ ಸೊಪ್ಪು. ಜೊತೆಗೆ ತೊಗರಿಬೇಳೆಯೋ ಅಲಸಂದೆ ಕಾಳೋ. ಎರಡನ್ನೂ ಒಂದೇ ಪಾತ್ರೆಯಲ್ಲಿ, ಬೇಳೆ ಬೆಂದೂ ಕರಗದ ಹದಕ್ಕೆ ಬೇಯಿಸಿ ನೀರನ್ನು ಬಸಿಯುತ್ತೀರಿ. ಉಳಿದ ಗಟ್ಟಿಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿಯ ಒಗ್ಗರಣೆ ಕೊಟ್ಟು, ಮೇಲೆ ಒಂದು ಹಿಡಿ ಕಾಯಿತುರಿ ಉದುರಿಸಿದರೆ ಪಲ್ಯ. ಬಸಿದ ಕಟ್ಟಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ತೆಂಗಿನಕಾಯಿ, ಹುಣಸೆಹಣ್ಣು, ಸಾರಿನ ಪುಡಿ, ಬೆಂದ ಸೊಪ್ಪು ಬೇಳೆಯಲ್ಲೇ ಒಂದು ಸೌಟು, ಇಷ್ಟನ್ನೂ ನುಣ್ಣಗೆ ರುಬ್ಬಿ ಹಾಕಿ ಕುದಿಸಿದರೆ ಸಾರು. ಒಂದೇ ಪಾತ್ರೆಯಿಂದ ಎರಡು ಅಡುಗೆ ಬಂತು. ಚೆಲ್ಲಿದ್ದು ಏನೂ ಇಲ್ಲ.

ಈ ‘ಚೆಲ್ಲಿದ್ದು ಏನೂ ಇಲ್ಲ’ ಎಂಬಲ್ಲೇ ನನ್ನ ವೃತ್ತಿಯ ವಿಷಯವಿದೆ. ಸೊಪ್ಪು ಬೇಯುವಾಗ ಫೋಲೇಟ್ ಎಂಬ ಬಿ ಗುಂಪಿನ ಜೀವಸತ್ವ, ಸಿ ಜೀವಸತ್ವ, ಪೊಟ್ಯಾಸಿಯಂನಂಥ ನೀರಿನಲ್ಲಿ ಕರಗುವ ಅಂಶಗಳಲ್ಲಿ ಒಂದು ಪಾಲು ನೀರಿಗೆ ಇಳಿಯುತ್ತದೆ. ಕಾವಿಗೆ ಸಿ ಜೀವಸತ್ವ ಬಹಳಷ್ಟು ನಾಶವಾಗುತ್ತದೆ ಎಂಬುದು ನಿಜ, ಆದರೆ ಖನಿಜಗಳು ನಾಶವಾಗುವುದಿಲ್ಲ. ಬೇಯಿಸಿದ ನೀರನ್ನು ಮೋರಿಗೆ ಚೆಲ್ಲುವ ಪದ್ಧತಿಯಲ್ಲಿ ಅವೆಲ್ಲ ಮೋರಿಗೇ ಹೋಗುತ್ತವೆ. ಬಸ್ಸಾರಿನಲ್ಲಿ ತಿರುಗಿ ತಟ್ಟೆಗೆ ಬರುತ್ತವೆ. ಹಬ್ಬದ ದಿನ ಹೋಳಿಗೆಗೆ ಬೇಯಿಸಿದ ಬೇಳೆಯ ಕಟ್ಟಿನಿಂದ ಸಾರು ಮಾಡುವುದೂ ಇದೇ ಲೆಕ್ಕ. ಈ ಅಡುಗೆ ಕಂಡುಕೊಂಡ ಹೆಂಗಸರಿಗೆ ಫೋಲೇಟ್ ಎಂಬ ಹೆಸರು ಗೊತ್ತಿರಲಿಲ್ಲ. ಬೆಂದ ನೀರಿನಲ್ಲಿ ರುಚಿ ಇದೆ, ಅದನ್ನು ಚೆಲ್ಲಬಾರದು ಎಂಬುದು ಗೊತ್ತಿತ್ತು.

ಅದರ ಜೊತೆಗೆ ಮುದ್ದೆ. 2017ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಪ್ರಕಟಿಸಿದ ಭಾರತೀಯ ಆಹಾರಗಳ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಇದರ ಹತ್ತಿರವೂ ಸುಳಿಯುವುದಿಲ್ಲ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಆ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತದಂತೆ ತಡೆಯುತ್ತದೆ. ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿಸಿದರೆ ಆ ತಡೆ ಕಡಿಮೆಯಾಗುತ್ತದೆ. ಹಸುಗೂಸಿಗೆ ರಾಗಿ ಸರಿ ಮಾಡುವಾಗ ನಮ್ಮ ಅಜ್ಜಿಯರು ಮಾಡುತ್ತಿದ್ದುದೂ ಅದನ್ನೇ. ಇನ್ನು ಅನ್ನ ಸಾರಿನ ವಿಚಾರ. ಪ್ರೋಟೀನನ್ನು ಕಟ್ಟುವ ಘಟಕಗಳ ಪೈಕಿ ಅಕ್ಕಿಯಲ್ಲಿ ಲೈಸಿನ್ ಎಂಬುದು ಕಡಿಮೆ, ಬೇಳೆಯಲ್ಲಿ ಮಿಥಿಯೋನಿನ್ ಎಂಬುದು ಕಡಿಮೆ; ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅನ್ನದ ಮೇಲೆ ಸಾರು ಸುರಿದು ಕಲಸುವಾಗ ಆಗುವುದು ಇದೇ. ಹೆಸರುಬೇಳೆ ಕೋಸಂಬರಿಗೆ ನಿಂಬೆಹಣ್ಣು ಹಿಂಡುವುದಕ್ಕೂ ಅರ್ಥವಿದೆ: ನಿಂಬೆಯ ಸಿ ಜೀವಸತ್ವ ಬೇಳೆಯಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಊಟವಾದ ಕೂಡಲೇ ಕುಡಿಯುವ ಕಾಫಿ, ಟೀ ಅದನ್ನೇ ಕೆಡಿಸುತ್ತವೆ. 2019ರಿಂದ 21ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹಾಗಾಗಿ ಮಕ್ಕಳಿಗೆ ಬಡಿಸಿ ಉಳಿದ ಸೊಪ್ಪನ್ನು ತಿನ್ನುವುದಲ್ಲ, ನಿಮ್ಮ ತಟ್ಟೆಗೂ ಪಾಲು ತೆಗೆದಿಡಿ.

ಈಗ ಪೊಟ್ಟಣದ ವಿಷಯ. ‘ಸಂಸ್ಕರಿತ’ ಎಂದ ಮಾತ್ರಕ್ಕೆ ಹೆದರಬೇಕಾಗಿಲ್ಲ. ಹಪ್ಪಳ, ಸಂಡಿಗೆ, ಹುರಿಹಿಟ್ಟು, ಅವಲಕ್ಕಿ, ಮೊಸರು ಎಲ್ಲವೂ ಸಂಸ್ಕರಿಸಿದವೇ. ತುರ್ತು ಪರಿಸ್ಥಿತಿಯ ದಿನಗಳಲ್ಲಿ ಬೆಂಗಳೂರಿನ ಎಂ.ಟಿ.ಆರ್. ಹೋಟೆಲು ಮುಚ್ಚಿದಾಗ ಆ ಸಂಸ್ಥೆಯವರು ದಿಢೀರ್ ಮಿಶ್ರಣಗಳತ್ತ ಹೊರಳಿದ ಕಥೆ ನಿಮಗೆ ಗೊತ್ತಿರಬಹುದು. ಆ ಕಾಲದಿಂದ ಎಷ್ಟೋ ದುಡಿಯುವ ಹೆಂಗಸರ ಬೆಳಗಿನ ತಿಂಡಿ ಹಗುರಾಗಿದೆ. ಅಂಗಡಿಯಿಂದ ತಂದ ದೋಸೆ ಹಿಟ್ಟಿನ ಮೇಲೆ ಅಕ್ಕಿ, ಉದ್ದು, ಮೆಂತ್ಯ, ಉಪ್ಪು, ನೀರು ಎಂದಷ್ಟೇ ಬರೆದಿದ್ದರೆ ಸಮಾಧಾನದಿಂದ ದೋಸೆ ಹುಯ್ಯಿರಿ.

ನಾನು ಬೇಡ ಎನ್ನುವುದು ಬೇರೆಯದನ್ನು. ಬ್ರೆಜಿಲ್ ದೇಶದ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ ಮತ್ತು ಅವರ ಸಂಗಡಿಗರು ಆಹಾರವನ್ನು ಅದರ ಸಂಸ್ಕರಣೆಯ ಮಟ್ಟದ ಮೇಲೆ ನಾಲ್ಕು ಗುಂಪು ಮಾಡಿದರು. ಇದಕ್ಕೆ ನೋವಾ ವರ್ಗೀಕರಣ ಎನ್ನುತ್ತಾರೆ. ನಾಲ್ಕನೆಯ ಗುಂಪು ಅತಿಸಂಸ್ಕರಿತ ಆಹಾರದ್ದು: ಕಾಳು ಕಡಿಗಳನ್ನು ಒಡೆದು ಪಿಷ್ಟ, ಎಣ್ಣೆ, ಪ್ರೋಟೀನ್ ಎಂದು ಬಿಡಿಬಿಡಿಯಾಗಿ ತೆಗೆದು, ಮತ್ತೆ ಕಾರ್ಖಾನೆಯಲ್ಲಿ ಕೂಡಿಸಿ, ಬಣ್ಣ, ಪರಿಮಳ, ಎಣ್ಣೆ ನೀರು ಬೇರೆಯಾಗದಂತೆ ಹಿಡಿದಿಡುವ ಎಮಲ್ಸಿಫೈಯರ್ ಸೇರಿಸಿ ತಯಾರಿಸಿದ ಪದಾರ್ಥಗಳು. ಗುರುತು ಹಿಡಿಯುವುದು ಕಷ್ಟವಲ್ಲ. ಪೊಟ್ಟಣದ ಹಿಂಬದಿಯಲ್ಲಿ ನಿಮ್ಮ ಅಡುಗೆಮನೆಯ ಯಾವ ಡಬ್ಬದಲ್ಲೂ ಇರದ ಹೆಸರುಗಳು ಸಾಲುಗಟ್ಟಿದ್ದರೆ ಅದು ಆ ಗುಂಪಿನದು.

2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅವರ ತಂಡ ನಡೆಸಿದ ಪ್ರಯೋಗವನ್ನು ನನ್ನಲ್ಲಿಗೆ ಬರುವ ತಾಯಂದಿರಿಗೆಲ್ಲ ಹೇಳುತ್ತೇನೆ. ಇಪ್ಪತ್ತು ಜನರನ್ನು ನಾಲ್ಕು ವಾರ ಅಲ್ಲೇ ಇರಿಸಿಕೊಂಡರು. ಎರಡು ವಾರ ಅತಿಸಂಸ್ಕರಿತ ಆಹಾರ, ಎರಡು ವಾರ ಸಂಸ್ಕರಿಸದ ಪದಾರ್ಥಗಳಿಂದ ಮಾಡಿದ ಅಡುಗೆ. ಮುಂದಿಟ್ಟ ಎರಡೂ ಬಗೆಯ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸಮನಾಗಿರುವಂತೆ ನೋಡಿಕೊಂಡಿದ್ದರು. ಬೇಕಾದಷ್ಟು ತಿನ್ನಿ, ಬೇಡವಾದರೆ ಬಿಡಿ ಎಂದು ಹೇಳಿದ್ದರು. ಅತಿಸಂಸ್ಕರಿತ ಆಹಾರದ ವಾರಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಅಂದರೆ ಹೆಚ್ಚುಕಡಿಮೆ ಇನ್ನೊಂದು ಊಟದಷ್ಟು. ಎರಡೇ ವಾರದಲ್ಲಿ ಸರಾಸರಿ 0.9 ಕಿಲೋ ತೂಕ ಏರಿತು; ಸಂಸ್ಕರಿಸದ ಪದಾರ್ಥಗಳ ಅಡುಗೆ ಉಂಡ ವಾರಗಳಲ್ಲಿ ಅಷ್ಟೇ ಇಳಿಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮತ್ತೊಂದು ಅಂಶ. ರುಚಿ ಹೇಗಿದೆ ಎಂದು ಕೇಳಿದಾಗ ಎರಡೂ ಊಟಕ್ಕೆ ಅವರು ಕೊಟ್ಟ ಅಂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹೆಚ್ಚು ತಿಂದದ್ದು ಹೆಚ್ಚು ರುಚಿಯಿದ್ದದ್ದಕ್ಕಲ್ಲ. ಮೆತ್ತಗಿನ ತುತ್ತನ್ನು ಬೇಗಬೇಗ ನುಂಗಿದರು, ಹೊಟ್ಟೆ ‘ಸಾಕು’ ಎನ್ನುವಷ್ಟರಲ್ಲಿ ತಟ್ಟೆ ಖಾಲಿಯಾಗಿತ್ತು ಎಂಬುದು ಒಂದು ವಿವರಣೆ. ನೂಡಲ್ಸ್ ಬಟ್ಟಲು ಎಷ್ಟು ನಿಮಿಷದಲ್ಲಿ ಬರಿದಾಗುತ್ತದೆ, ಸೊಪ್ಪಿನ ಪಲ್ಯದ ಜೊತೆ ರೊಟ್ಟಿ ತಿನ್ನಲು ಎಷ್ಟು ಹೊತ್ತು ಹಿಡಿಯುತ್ತದೆ, ಒಂದು ದಿನ ಗಡಿಯಾರ ನೋಡಿ.

ನೂಡಲ್ಸ್ ಪೊಟ್ಟಣದ ಹಿಂದಿನ ಪೋಷಕಾಂಶಗಳ ಪಟ್ಟಿಯಲ್ಲಿ ಉಪ್ಪಿನ ಪ್ರಮಾಣವನ್ನು ಉಪ್ಪೆಂದು ಬರೆದಿರುವುದಿಲ್ಲ, ಸೋಡಿಯಂ ಎಂದು ಬರೆದಿರುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಒಂದು ಪೊಟ್ಟಣದಲ್ಲಿ 900 ಮಿಲಿಗ್ರಾಂ ಸೋಡಿಯಂ ಇದೆ ಎನ್ನಿ, ಅದು ಎರಡೂಕಾಲು ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿಯೇ ದಿನಕ್ಕೆ 5 ಗ್ರಾಂನ ಒಳಗೆ, ಮಕ್ಕಳಿಗೆ ಅದಕ್ಕಿಂತ ಕಡಿಮೆ. ‘ಉಪ್ಪಿಗಿಂತ ರುಚಿಯಿಲ್ಲ’ ಎನ್ನುವುದು ನಮ್ಮ ಗಾದೆ. ಪೊಟ್ಟಣ ತಯಾರಿಸುವವರಿಗೆ ಅದು ಚೆನ್ನಾಗಿ ಗೊತ್ತು. 627, 631, 635 ಎಂಬ ಸಂಖ್ಯೆಗಳು ಕಂಡರೆ ಅವು ರುಚಿ ಏರಿಸುವ ಪದಾರ್ಥಗಳು. ವಿಷವೇನಲ್ಲ, ಅನುಮತಿ ಇರುವಂಥವೇ. ಆದರೆ ಅವುಗಳಿಗೆ ಒಗ್ಗಿದ ನಾಲಿಗೆಗೆ ದಂಟಿನ ಸೊಪ್ಪು ಸಪ್ಪೆಯೆನಿಸುತ್ತದೆ. ನಿಮ್ಮ ಮನೆಯಲ್ಲಿ ಆಗಿರುವುದೂ ಅದೇ. ಸಾರಿನ ರುಚಿ ಕೆಟ್ಟಿಲ್ಲ, ನಾಲಿಗೆಯ ಅಳತೆ ಬದಲಾಗಿದೆ.

ಹೆಲ್ತ್ ಡ್ರಿಂಕ್ ಬಗ್ಗೆ ನನ್ನ ಮಾತು ಸ್ವಲ್ಪ ಖಾರವಾಗಿರುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಡಬ್ಬ ತಿರುಗಿಸಿ 100 ಗ್ರಾಂ ಪುಡಿಯಲ್ಲಿ ಸಕ್ಕರೆ ಎಷ್ಟೆಂದು ಓದಿ. ಮೂರನೇ ಒಂದು ಪಾಲು ಸಕ್ಕರೆಯೇ ಇರುವ ಡಬ್ಬಗಳನ್ನು ನಾನು ಎಷ್ಟೋ ನೋಡಿದ್ದೇನೆ. ಅಂಥ ಪುಡಿಯನ್ನು ಸಲಕ್ಕೆ 20 ಗ್ರಾಂನಂತೆ ಎರಡು ಹೊತ್ತು ಕೊಟ್ಟರೆ ದಿನಕ್ಕೆ ಹದಿಮೂರು ಗ್ರಾಂ ಸಕ್ಕರೆ ಅದರಿಂದಲೇ ಹೋಯಿತು. ಹೊರಗಿನಿಂದ ಸೇರಿಸಿದ ಸಕ್ಕರೆ ಒಟ್ಟು ಕ್ಯಾಲೊರಿಯ ಶೇಕಡ 10ರ ಒಳಗಿರಬೇಕು, 5ರ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆರು ವರ್ಷದ ನಿಮ್ಮ ಮಗನಿಗೆ ಆ ಶೇಕಡ 5 ಎಂದರೆ ಸುಮಾರು 17 ಗ್ರಾಂ. 2024ರ ಏಪ್ರಿಲ್‌ನಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯ, ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ವಿಭಾಗದಿಂದ ತೆಗೆದುಹಾಕುವಂತೆ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ಸರಿ ಊಟ ಮಾಡುತ್ತಿರುವ ಮಗುವಿಗೆ ಬರೀ ಹಾಲು ಸಾಕು. ಇಲ್ಲಿ ಮಾತ್ರ ‘ಬರೀ’ ಎಂಬ ಪದವನ್ನು ನಾನೇ ಬೇಕೆಂದು ಬಳಸುತ್ತಿದ್ದೇನೆ. ಮಗ ಒಪ್ಪದಿದ್ದರೆ ರಾಗಿ ಹುರಿಹಿಟ್ಟನ್ನು ಹಾಲಿನಲ್ಲಿ ಕಲಸಿ, ಒಂದು ಚೂರು ಬೆಲ್ಲ, ಏಲಕ್ಕಿ ಹಾಕಿ ಕೊಡಿ. ಬೆಲ್ಲವೂ ಸಕ್ಕರೆಯ ಜಾತಿಯೇ, ಆದ್ದರಿಂದ ಚೂರೇ ಇರಲಿ.

ಮನೆಯ ಅಡುಗೆ ಎಂದ ಮಾತ್ರಕ್ಕೆ ಎಲ್ಲವೂ ಸರಿ ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹ ಇದೆ ಎಂದು ಅಂದಾಜು ಮಾಡಿತು. ಇವರೆಲ್ಲ ಪೊಟ್ಟಣ ತಿಂದು ಬೆಳೆದವರಲ್ಲ, ಮನೆಯ ಅನ್ನ ಉಂಡವರೇ. ತೊಂದರೆ ಅಡುಗೆಯಲ್ಲಿಲ್ಲ, ಬಡಿಸುವ ಪ್ರಮಾಣದಲ್ಲಿದೆ. ತಟ್ಟೆ ತುಂಬ ಅನ್ನ, ಮೇಲೆ ತೆಳ್ಳಗಿನ ಸಾರು, ಪಕ್ಕದಲ್ಲಿ ಒಂದು ಚಮಚ ಪಲ್ಯ, ಅಂಚಿಗೆ ಉಪ್ಪಿನಕಾಯಿ, ಹಪ್ಪಳ. ಇದನ್ನು ತಿರುವುಮುರುವು ಮಾಡಿ. ಪಲ್ಯ ಮತ್ತು ಕಾಳು ತಟ್ಟೆಯ ಅರ್ಧ ಇರಲಿ, ಅನ್ನವಾಗಲಿ ಮುದ್ದೆಯಾಗಲಿ ಕಾಲು ಭಾಗಕ್ಕೆ ನಿಲ್ಲಲಿ. ಸಾರಿನ ಪಾತ್ರೆಯ ತಳದಲ್ಲಿ ಬೇಳೆ ಸೌಟಿಗೆ ಸಿಗುವಷ್ಟು ಇರಬೇಕು. ಉಪ್ಪಿನಕಾಯಿ, ಹಪ್ಪಳ ದಿನವೂ ಬೇಡ. ಮುದ್ದೆಯನ್ನೂ ಸಕ್ಕರೆ ಕಾಯಿಲೆಗೆ ಮದ್ದು ಎಂದು ಎರಡೆರಡು ನುಂಗುವವರಿದ್ದಾರೆ. ಅದೂ ಪಿಷ್ಟವೇ, ಒಂದೇ ಸಾಕು. ನಿಮ್ಮದು ಮೊಟ್ಟೆ, ಮಾಂಸ ತಿನ್ನುವ ಮನೆಯೋ ಅಲ್ಲವೋ ಬರೆದಿಲ್ಲ. ತಿನ್ನುವವರಾದರೆ ಮಕ್ಕಳಿಗೆ ದಿನಕ್ಕೊಂದು ಬೇಯಿಸಿದ ಮೊಟ್ಟೆ ಕೊಡಿ. ಇಲ್ಲವಾದರೆ ಹಾಲು ಮೊಸರು ತಪ್ಪಿಸಬೇಡಿ, ಬಿ12 ಜೀವಸತ್ವ ಸೊಪ್ಪು ಕಾಳುಗಳಲ್ಲಿ ಸಿಗುವುದಿಲ್ಲ. ವೈದ್ಯರನ್ನು ಕೇಳಿ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿದರೂ ಒಳ್ಳೆಯದೇ.

ಮಕ್ಕಳ ನಾಲಿಗೆಯನ್ನು ಹಿಂದಕ್ಕೆ ತರಬಹುದು, ಆದರೆ ಬಯ್ದು ತರಲು ಆಗುವುದಿಲ್ಲ. ಹೊಸ ರುಚಿಗೆ ಒಗ್ಗಲು ಮಕ್ಕಳಿಗೆ ಎಂಟು ಹತ್ತು ಸಲವಾದರೂ ಅದು ಎದುರಾಗಬೇಕು. ಎರಡನೇ ಸಲಕ್ಕೆ ‘ಇವನಿಗೆ ಸೊಪ್ಪು ಆಗುವುದಿಲ್ಲ’ ಎಂದು ನಾವೇ ಕೈಬಿಡುತ್ತೇವೆ. ಒಂದು ಚಮಚ ಬಡಿಸಿ, ತಿಂದರೆ ಸರಿ, ಬಿಟ್ಟರೆ ಮಾತಾಡಬೇಡಿ, ಮೂರು ದಿನ ಬಿಟ್ಟು ಮತ್ತೆ ಬಡಿಸಿ. ನೂಡಲ್ಸನ್ನು ಒಮ್ಮೆಗೇ ನಿಲ್ಲಿಸಬೇಡಿ. ಭಾನುವಾರಕ್ಕೆ ಒಂದು ಸಲ ಎಂದು ನಿಗದಿ ಮಾಡಿ, ಮಸಾಲೆ ಪುಡಿಯನ್ನು ಅರ್ಧವೇ ಹಾಕಿ. ನಾನು ಬಲವಾಗಿ ಬೇಡ ಎನ್ನುವುದು ಒಂದೇ: ಊಟ ಮುಗಿಸಿದರೆ ಚಿಪ್ಸ್ ಕೊಡುತ್ತೇನೆ ಎಂಬ ಆಸೆ ತೋರಿಸುವುದು. ಊಟ ಶಿಕ್ಷೆ, ಚಿಪ್ಸ್ ಬಹುಮಾನ ಎಂದು ನಾವೇ ಹೇಳಿಕೊಟ್ಟ ಹಾಗಾಗುತ್ತದೆ.

ನಿಮ್ಮ ನಿಜವಾದ ಕಷ್ಟ ಸಂಜೆ ಐದೂವರೆಯಿಂದ ಎಂಟರ ನಡುವಿನದು ಎಂದು ನನ್ನ ಊಹೆ. ಶಾಲೆಯಿಂದ ಬಂದ ಮಕ್ಕಳು ಹಸಿದಿರುತ್ತಾರೆ, ನೀವು ಏಳಕ್ಕೆ ಬರುತ್ತೀರಿ. ಆ ಹೊತ್ತಿನಲ್ಲಿ ಕೈಗೆ ಸಿಗುವುದು ಬಿಸ್ಕತ್ತಿನ ಪೊಟ್ಟಣ. ಅದನ್ನು ತಿಂದ ಹೊಟ್ಟೆಗೆ ಎಂಟು ಗಂಟೆಗೆ ಸಾರು ಬೇಕೆನಿಸುವುದಾದರೂ ಹೇಗೆ? ಮಕ್ಕಳ ಕೈಗೆಟಕುವ ಕಡೆ ಹುರಿಗಡಲೆ, ಬೇಯಿಸಿದ ಕಡಲೆಕಾಯಿ, ಬಾಳೆಹಣ್ಣು ಇಡಿ. ಕಡಲೆಪುರಿಗೆ ಈರುಳ್ಳಿ, ಕ್ಯಾರೆಟ್ ತುರಿ, ನಿಂಬೆರಸ ಕಲಸುವುದನ್ನು ಹತ್ತು ವರ್ಷದ ಮಗಳು ಒಂದೇ ದಿನದಲ್ಲಿ ಕಲಿಯುತ್ತಾಳೆ. ಚುರುಮುರಿ ಎಂದರೆ ಗೆಳತಿಯರ ಡಬ್ಬಿಯ ನೆನಪೂ ಅಷ್ಟಾಗಿ ಬರಲಾರದು.

ಮತ್ತೊಂದು ಮಾತು ನಿಮ್ಮ ಯಜಮಾನರಿಗೆ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ ಎಂದು ಬರೆದ ನೀವು ಮುಂದಿನ ಸಾಲುಗಳಲ್ಲಿ ‘ನಾನು ಮಾಡುವುದು’ ಎಂದೇ ಬರೆದಿದ್ದೀರಿ. ಮನೆಯ ಅಡುಗೆ ಒಳ್ಳೆಯದು ಎಂದು ನನ್ನಂಥವರು ಹೇಳಿದಾಗ ಆ ಮಾತಿನ ಭಾರ ಒಬ್ಬಳ ತಲೆಯ ಮೇಲೆ ಬೀಳುವುದನ್ನು ನೋಡಿದ್ದೇನೆ. ಅದು ನನಗೆ ಇಷ್ಟವಿಲ್ಲ. ಸೊಪ್ಪು ಬಿಡಿಸುವುದು, ಕಾಯಿ ತುರಿಯುವುದು, ಕುಕ್ಕರ್ ಇಡುವುದು ಯಾರ ಕೈಗಾದರೂ ಬರುವ ಕೆಲಸ. ಭಾನುವಾರ ಅರ್ಧ ದಿನ ಇಬ್ಬರೂ ಕೂಡಿ ಹುಣಸೆರಸ ಗೊಜ್ಜಿನ ಹದಕ್ಕೆ ಕುದಿಸಿ ಬಾಟಲಿಗೆ ತುಂಬಿ, ಶೇಂಗಾ ಚಟ್ನಿಪುಡಿ ಮಾಡಿ, ಎರಡು ಬಗೆಯ ಕಾಳು ನೆನೆಹಾಕಿಟ್ಟುಕೊಂಡರೆ ವಾರದ ದಿನ ಸಾರು ಅರ್ಧ ಗಂಟೆಯ ಕೆಲಸ. ತೀರಾ ದಣಿದ ದಿನ ಮೊಸರನ್ನ, ಜೊತೆಗೆ ಸೌತೆಕಾಯಿ ಹೋಳು, ಚಟ್ನಿಪುಡಿ ಇದ್ದರೆ ಅದೂ ಊಟವೇ.

ಇನ್ನು ಅತ್ತೆ ಕಳಿಸಿದ ಐದು ಕಿಲೋ ಹುರುಳಿಕಾಳು. ನಿಮ್ಮ ಪತ್ರದಲ್ಲಿದ್ದ ಅತ್ಯಂತ ಒಳ್ಳೆಯ ಪದಾರ್ಥ ಅದು, ಅದನ್ನು ಕೊನೆಯಲ್ಲಿ ಬರೆದಿದ್ದೀರಿ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಶನಿವಾರ ಬೆಳಿಗ್ಗೆ ಎರಡು ಲೋಟ ಕಾಳನ್ನು ಆರಿಸಿ, ಚೆನ್ನಾಗಿ ಜಾಲಿಸಿ. ಹುರುಳಿಯಲ್ಲಿ ಸಣ್ಣ ಕಲ್ಲು ಕಾಳಿನ ಬಣ್ಣದ್ದೇ ಇರುತ್ತದೆ, ಅವಸರ ಮಾಡಿದರೆ ಮಕ್ಕಳ ಹಲ್ಲಿಗೆ ಸಿಕ್ಕಿ ಮತ್ತೆಂದೂ ಮುಟ್ಟುವುದಿಲ್ಲ. ರಾತ್ರಿಯವರೆಗೆ ನೆನೆಸಿ, ನೀರು ಬಸಿದು, ತೆಳ್ಳಗಿನ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ, ಪಾತ್ರೆಯಲ್ಲಿಟ್ಟು ಮುಚ್ಚಿಡಿ. ಭಾನುವಾರ ಎರಡು ಸಲ ಬಟ್ಟೆಯ ಮೇಲೆ ನೀರು ಚಿಮುಕಿಸಿ. ಸೋಮವಾರದ ಹೊತ್ತಿಗೆ ಮೊಳಕೆ ಬಟ್ಟೆಯ ಎಳೆಗಳ ನಡುವೆ ಬಿಳಿಯಾಗಿ ತೂರಿಕೊಂಡು ಬಂದಿರುತ್ತದೆ. ಅರ್ಧ ಕಾಳು ಆ ರಾತ್ರಿಯ ಬಸ್ಸಾರಿಗೆ, ಉಳಿದರ್ಧ ಫ್ರಿಜ್‌ನಲ್ಲಿಟ್ಟರೆ ಬುಧವಾರದ ಉಸಲಿಗೆ. ಗಂಟು ಬಿಚ್ಚುವ ಕೆಲಸವನ್ನು ಮಗಳಿಗೆ ಬಿಡಿ. ರಾತ್ರಿ ತಮ್ಮ ‘ಇವತ್ತೇನು ಊಟ?’ ಎಂದು ಕೇಳಿದಾಗ ಉತ್ತರವನ್ನೂ ಅವಳೇ ಹೇಳಲಿ.